ಭಾಷಾಂತರ ತರಬೇತಿಯಲ್ಲಿ ತಂತ್ರಜ್ಞಾನ

ವಿಶ್ವವಿದ್ಯಾಲಯದ ಭಾಷಾಂತರ ತರಗತಿಗಳಲ್ಲಿ ಯಂತ್ರಾನುವಾದ, ಅನುವಾದ ಸ್ಮೃತಿ, ಪಾರಿಭಾಷಿಕ ಪದಕೋಶ ತಂತ್ರಾಂಶಗಳು ಬಳಕೆಯಾಗುತ್ತವೆ. ಬಳ್ಳಾರಿ ಸೀಮೆಯವರಿಗೆ ಭಾಷಾಂತರ ಕಲಿಕೆಗೆ ಹತ್ತಿರದ ಕೇಂದ್ರ, 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಭಾಷಾಂತರ ಅಧ್ಯಯನ ವಿಭಾಗ. ಯಂತ್ರಾನುವಾದದ ಸಾಧನವಾದ ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಬಳ್ಳಾರಿ ಸೀಮೆಯದೇ ಆದ ತೆಕ್ಕಲಕೋಟೆಯ ನವಶಿಲಾಯುಗ ನೆಲೆಯನ್ನು ಕುರಿತ 1965ರ ಇಂಗ್ಲಿಷ್ ಉತ್ಖನನ ವರದಿ ಅಭ್ಯಾಸಕ್ಕೆ ಹೇಳಿಮಾಡಿಸಿದಂತಿದೆ. ಮಡಕೆ, ಕಲ್ಗೊಡಲಿ, ಸಮಾಧಿಗಳ ವಿವರಣೆಯಲ್ಲಿ ಒಂದೇ ಬಗೆಯ ವಾಕ್ಯ ಮರುಕಳಿಸಿದಾಗ ಅನುವಾದ ಸ್ಮೃತಿ ಹಿಂದಿನ ಅನುವಾದವನ್ನು ಮುಂದಿಡುತ್ತದೆ. ಪದಕೋಶವಿದ್ದರೆ ‘ನವಶಿಲಾಯುಗ’ ಮುಂದಿನ ಪುಟದಲ್ಲಿ ‘ನೂತನ ಶಿಲಾಯುಗ’ ಆಗದು. ಉಪವಾಕ್ಯಗಳು ಹೆಣೆದುಕೊಂಡ ಉದ್ದನೆಯ ವಾಕ್ಯಗಳಲ್ಲಿ ಯಂತ್ರಾನುವಾದ ಎಡವುವುದುಂಟು. ಆ ತಪ್ಪುಗಳನ್ನು ತಿದ್ದುವುದೇ ಇಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ. ತಾನೇ ಅನುವಾದಿಸಿ ನೋಡದವನಿಗೆ ಯಂತ್ರದ ತಪ್ಪು ಸುಲಭವಾಗಿ ಕಾಣದು; ಆದ್ದರಿಂದ ಮೊದಲ ಕರಡನ್ನು ವಿದ್ಯಾರ್ಥಿ ಸ್ವತಃ ಬರೆಯುವುದು ಅಗತ್ಯ. ಆಂಧ್ರದ ಗಡಿಗೆ ಅಂಟಿಕೊಂಡ ಬಳ್ಳಾರಿ ಸೀಮೆಯವರಿಗೆ ಇಂಗ್ಲಿಷ್–ಕನ್ನಡದ ಜೊತೆಗೆ ತೆಲುಗು–ಕನ್ನಡ ಜೋಡಿಯೂ ಸಹಜವಾಗಿ ದಕ್ಕುತ್ತದೆ.