ಮೊದಲ ಪಂಕ್ತಿ

ಮಗಳ ಬಾಣಂತನಕ್ಕೆಂದು ನಾನು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ನ್ಯಾಶುವಾ ಎಂಬ ಊರಿಗೆ ಹೋದದ್ದು 2007ರ ನವೆಂಬರ್‌ನಲ್ಲಿ. ಹೊರಗೆ ಹಿಮ, ಒಳಗೆ ಮಗುವಿನ ಅಳು, ಒಲೆಯ ಮೇಲೆ ಮೆಣಸಿನ ಸಾರು. ಇಷ್ಟರಲ್ಲೇ ನನ್ನ ಆರು ತಿಂಗಳು ಮುಗಿದುಹೋಗುತ್ತದೆ ಎಂದುಕೊಂಡಿದ್ದೆ. ಆದರೆ ಡಿಸೆಂಬರ್ ಬರುವ ಹೊತ್ತಿಗೆ ದಿನಕ್ಕೆ ಮೂರು ನಾಲ್ಕು ಸಲ ಬಾಗಿಲ ಗಂಟೆ ಬಾರಿಸತೊಡಗಿತು. ಈಗಷ್ಟೇ ಮಗು ಮಲಗಿತು ಎನ್ನುವಾಗಲೇ ಗಂಟೆ! ಬಾಗಿಲು ತೆಗೆದರೆ ಟೊಪ್ಪಿಯ ಮೇಲೆಲ್ಲ ಹಿಮ ಹೊತ್ತುಕೊಂಡು, ಕೈಯಲ್ಲಿ ಕರಪತ್ರ ಹಿಡಿದು ನಿಂತ ಕಾಲೇಜು ಹುಡುಗ ಹುಡುಗಿಯರು. ‘ಅಧ್ಯಕ್ಷ ಪದವಿಗೆ ನೀವು ಯಾರನ್ನು ಬಯಸುತ್ತೀರಿ?’ ಎಂದು ಕೇಳುವರು. ನಮಗೆ ಇಲ್ಲಿ ಓಟಿಲ್ಲ ಎಂದರೂ ಬೇಸರಿಸದೆ, ಮಗುವಿನ ಹೆಸರು ಕೇಳಿ ನಕ್ಕು ಹೋಗುವರು.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಹೇಳಿ ನಿವೃತ್ತಳಾದವಳು ನಾನು. ಅಮೆರಿಕದ ಅಧ್ಯಕ್ಷರನ್ನು ಚುನಾಯಿಸುವುದು ನವೆಂಬರ್‌ನಲ್ಲಿ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಹಾಗಾದರೆ ಇನ್ನೂ ಹನ್ನೊಂದು ತಿಂಗಳಿರುವಾಗ ಈ ಪುಟ್ಟ ರಾಜ್ಯದಲ್ಲಿ ಇಷ್ಟೊಂದು ಗಡಿಬಿಡಿ ಏಕೆ?

ಉತ್ತರ ಹೇಳಿದವರು ಪಕ್ಕದ ಮನೆಯ ಅಜ್ಜಿ. ನನಗಿಂತ ಇಪ್ಪತ್ತು ವರ್ಷ ಹಿರಿಯರು, ಒಂಟಿ ಜೀವ. ಮಗು ನೋಡಲು ಬಂದವರು ನಮ್ಮ ಮನೆಯ ಕಾಫಿಗೆ ಮನಸೋತು ದಿನವೂ ಬರತೊಡಗಿದ್ದರು. ಯಾರಿಗೆ ಓಟು ಎಂದು ಕೇಳಿದ್ದಕ್ಕೆ, ‘ಇನ್ನೂ ತೀರ್ಮಾನಿಸಿಲ್ಲ. ಅವರನ್ನೆಲ್ಲ ಎರಡೆರಡೇ ಸಲ ನೋಡಿದ್ದು’ ಎಂದರು. ಅದು ಅಲ್ಲಿಯವರ ಹಳೆಯ ತಮಾಷೆಯಂತೆ. ಆದರೆ ತಮಾಷೆಯೊಳಗೆ ನಿಜವೂ ಇತ್ತು. ನಮ್ಮ ಹಾಸನದಲ್ಲಿ ನಾನು ಇಷ್ಟು ವರ್ಷಗಳಲ್ಲಿ ಕಂಡದ್ದು ಅಭ್ಯರ್ಥಿಗಳ ಜೀಪು ಎಬ್ಬಿಸಿದ ಧೂಳನ್ನು ಮಾತ್ರ.

ಅಲ್ಲಿಯ ಕ್ರಮ ಹೀಗೆ. ಪಕ್ಷದ ಅಭ್ಯರ್ಥಿ ಯಾರೆಂದು ರಾಜಧಾನಿಯ ವರಿಷ್ಠರು ಪಟ್ಟಿ ಮಾಡಿ ಕಳಿಸುವುದಿಲ್ಲ. ಒಂದೊಂದು ರಾಜ್ಯವೂ ತನ್ನ ಸರದಿ ಬಂದಾಗ ಮತ ಹಾಕಿ, ಬೇಸಿಗೆಯಲ್ಲಿ ನಡೆಯುವ ಪಕ್ಷದ ಮಹಾಧಿವೇಶನಕ್ಕೆ ಪ್ರತಿನಿಧಿಗಳನ್ನು ಕಳಿಸುತ್ತದೆ. ಕೆಲವು ರಾಜ್ಯಗಳಲ್ಲಿ ಗುಪ್ತ ಮತದಾನದ ಪ್ರೈಮರಿ. ಇನ್ನು ಕೆಲವೆಡೆ ನೆರೆಹೊರೆಯವರು ಶಾಲೆಯಲ್ಲೋ ಚರ್ಚಿನಲ್ಲೋ ಸೇರಿ ತೀರ್ಮಾನಿಸುವ ಕಾಕಸ್ ಎಂಬ ಸಭೆ. ದಶಕಗಳ ಕಾಲ ಎಲ್ಲರಿಗಿಂತ ಮೊದಲು ಕೂತದ್ದು ಎರಡು ಸಣ್ಣ ರಾಜ್ಯಗಳು: ಕಾಕಸ್‌ಗೆ ಅಯೋವಾ, ಪ್ರೈಮರಿಗೆ ನ್ಯೂ ಹ್ಯಾಂಪ್‌ಷೈರ್. 2020ರ ಜನಗಣತಿಯಲ್ಲೂ ಅಯೋವಾದ ಜನಸಂಖ್ಯೆ ಸುಮಾರು 32 ಲಕ್ಷ. ನ್ಯೂ ಹ್ಯಾಂಪ್‌ಷೈರಿನದು 14 ಲಕ್ಷವೂ ಇಲ್ಲ. ನಮ್ಮ ಹಾಸನ ಜಿಲ್ಲೆಯಲ್ಲೇ ಅದಕ್ಕಿಂತ ಹೆಚ್ಚು ಜನ!

ಇದನ್ನು ಕೇಳಿದಾಗ ನನಗೆ ಮದುವೆ ಮನೆಯ ಪಂಕ್ತಿ ನೆನಪಾಯಿತು. ಮೊದಲ ಪಂಕ್ತಿಯವರಿಗೆ ಕೋಸಂಬರಿಯಿಂದ ಪಾಯಸದವರೆಗೆ ಎಲ್ಲವೂ ಬಿಸಿಬಿಸಿ, ಬೇಕಾದಷ್ಟು. ಬಡಿಸುವವರ ಉಪಚಾರವೇನು, ಒತ್ತಾಯವೇನು! ಕೊನೆಯ ಪಂಕ್ತಿಗೆ ಹೋಳಿಗೆ ಮುಗಿದಿರುತ್ತದೆ, ಸಾರು ತಳ ಹಿಡಿದಿರುತ್ತದೆ. ಹಾಗೆಯೇ ಇಲ್ಲೂ. ಮೊದಲ ಎರಡು ರಾಜ್ಯಗಳಲ್ಲಿ ಹಿಂದೆ ಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ನಿಲ್ಲುತ್ತದೆ, ದೇಣಿಗೆ ಬತ್ತುತ್ತದೆ, ಅವರು ಕಣದಿಂದ ಎದ್ದುಹೋಗುತ್ತಾರೆ. ಕೋಟಿಗಟ್ಟಲೆ ಜನರಿರುವ ಕ್ಯಾಲಿಫೋರ್ನಿಯಾ ಹಲವು ದಶಕಗಳ ಕಾಲ ಜೂನ್‌ನಲ್ಲಿ ಮತ ಹಾಕುತ್ತಿತ್ತು. ಎಷ್ಟೋ ಸಲ ಅದರ ಎಲೆಗೆ ಬೀಳುತ್ತಿದ್ದದ್ದು ಉಳಿದದ್ದು ಮಾತ್ರ.

ಈ ಮೊದಲ ಮಣೆಯನ್ನು ಇವರಿಗೆ ಹಾಕಿಕೊಟ್ಟವರು ಯಾರು? ಯಾರೂ ಇಲ್ಲ. ಅದೊಂದು ಜಿಪುಣತನದ ಕಥೆ. ನ್ಯೂ ಹ್ಯಾಂಪ್‌ಷೈರಿನ ಹಳ್ಳಿಗಳಲ್ಲಿ ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ಊರಸಭೆ ಸೇರುವುದು ಹಳೆಯ ವಾಡಿಕೆ. ರಸ್ತೆಯಲ್ಲಿ ಹಿಮ, ಕೆಸರು. ಹೊಲದ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ಪ್ರೈಮರಿಯನ್ನೂ ಅಂದೇ ಇಟ್ಟರೆ ಖರ್ಚು ಉಳಿಯಿತಲ್ಲ ಎಂದು ಲೆಕ್ಕ ಹಾಕಿದರು. 1916ರಲ್ಲಿ ಹೀಗೆ ಮೊದಲ ಪ್ರೈಮರಿ ನಡೆಯಿತು. ಅವರಿಗಿಂತ ಮುಂದಿದ್ದ ಇಂಡಿಯಾನಾ ತನ್ನ ದಿನವನ್ನು ಮೇ ತಿಂಗಳಿಗೆ ದೂಡಿದ್ದರಿಂದ 1920ರಲ್ಲಿ ಇವರೇ ಮೊದಲಿಗರಾದರು.

ಅಯೋವಾದ ಕಥೆ ಇನ್ನೂ ಸ್ವಾರಸ್ಯ. 1968ರಲ್ಲಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿ ಅವರನ್ನು ಡೆಮಾಕ್ರಟಿಕ್ ಪಕ್ಷದ ಮುಖಂಡರು ಷಿಕಾಗೋ ಅಧಿವೇಶನದಲ್ಲಿ ಅಭ್ಯರ್ಥಿಯನ್ನಾಗಿ ಮಾಡಿದರು. ದೊಡ್ಡ ಗಲಭೆಯಾಯಿತು. ಆಮೇಲೆ ಪಕ್ಷ ನಿಯಮ ಬದಲಿಸಿ, ಸಾಮಾನ್ಯ ಸದಸ್ಯರಿಗೂ ಸಾಕಷ್ಟು ಮುಂಚಿತವಾಗಿ ತಿಳಿಸಿಯೇ ಸಭೆ ನಡೆಸಬೇಕೆಂದಿತು. ಅಯೋವಾದಲ್ಲಿ ವಾರ್ಡು, ಜಿಲ್ಲೆ, ರಾಜ್ಯ ಎಂದು ಹಂತಹಂತವಾಗಿ ಸಭೆಗಳು. ಪ್ರತಿ ಹಂತಕ್ಕೂ ಕಾಗದಪತ್ರ ತೆಗೆಯಬೇಕು. ಪಕ್ಷದ ಕಚೇರಿಯಲ್ಲಿದ್ದದ್ದು ಒಂದು ಹಳೆಯ, ನಿಧಾನದ ಸೈಕ್ಲೋಸ್ಟೈಲ್ ಯಂತ್ರ. ದಿನ ಲೆಕ್ಕ ಹಾಕಿ ಹಿಂದೆ ಹಿಂದೆ ಬಂದಾಗ ಮೊದಲ ಸಭೆ 1972ರ ಜನವರಿ 24ಕ್ಕೆ ಬಂದು ನಿಂತಿತಂತೆ. ನಾಲ್ಕು ವರ್ಷದ ನಂತರ ಜಿಮ್ಮಿ ಕಾರ್ಟರ್ ಎಂಬ ಹೆಚ್ಚು ಪರಿಚಿತರಲ್ಲದ ಕಡಲೆಕಾಯಿ ಬೆಳೆಗಾರರು ಅಯೋವಾದ ಊರೂರು ಸುತ್ತಿ, ಜನರ ಮನೆಗಳಲ್ಲೇ ತಂಗಿ, ಕೊನೆಗೆ ಶ್ವೇತಭವನವನ್ನೇ ಸೇರಿದರು. ಆಮೇಲೆ ಈ ಮಣೆ ಬಿಟ್ಟುಕೊಡಲು ಯಾರಿಗೆ ಮನಸ್ಸು ಬಂದೀತು? ನ್ಯೂ ಹ್ಯಾಂಪ್‌ಷೈರ್ ಅಂತೂ 1975ರಲ್ಲಿ ತನ್ನ ಪ್ರೈಮರಿಯೇ ಮೊದಲಿರಬೇಕೆಂದು ಕಾನೂನನ್ನೇ ಮಾಡಿಕೊಂಡಿತು.

ಸಣ್ಣವರ ಕೈಗೆ ಸಿಕ್ಕಿದ ಈ ಬಲ ಸಾಮಾನ್ಯವಾದದ್ದಲ್ಲ. 1952ರಲ್ಲಿ ಹಾಲಿ ಅಧ್ಯಕ್ಷ ಟ್ರೂಮನ್ ಅವರನ್ನು ಎಸ್ಟಿಸ್ ಕೆಫಾವರ್ ಎಂಬ ಸೆನೆಟರ್ ಇಲ್ಲಿ ಸೋಲಿಸಿದರು. ಅದೇ ತಿಂಗಳು ಟ್ರೂಮನ್ ತಾವು ಮತ್ತೆ ನಿಲ್ಲುವುದಿಲ್ಲವೆಂದರು. 1968ರಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಯೂಜೀನ್ ಮೆಕಾರ್ಥಿ ಅವರಿಗಾಗಿ ವಿದ್ಯಾರ್ಥಿಗಳು ಉದ್ದ ಕೂದಲು ಕತ್ತರಿಸಿಕೊಂಡು, ಗಡ್ಡ ಬೋಳಿಸಿಕೊಂಡು ಮನೆಮನೆ ಸುತ್ತಿದರು. ಮೆಕಾರ್ಥಿಗೆ ಬಂದದ್ದು ನೂರಕ್ಕೆ 42 ಮತ, ಅಧ್ಯಕ್ಷ ಜಾನ್ಸನ್ ಅವರಿಗೆ 49. ಗೆದ್ದದ್ದು ಜಾನ್ಸನ್ನರೇ. ಆದರೂ ಮಾರ್ಚ್ 31ರಂದು ಕಣದಿಂದ ಸರಿದವರೂ ಅವರೇ! ಇಲ್ಲಿ ಎಷ್ಟು ಮತ ಬಂತು ಎನ್ನುವುದಕ್ಕಿಂತ, ನಿರೀಕ್ಷಿಸಿದಷ್ಟು ಬಂತೇ ಎನ್ನುವುದೇ ಮುಖ್ಯ.

ಇಷ್ಟೆಲ್ಲ ಕೇಳಿದ ಮೇಲೆ ನನ್ನೊಳಗಿನ ಟೀಚರಮ್ಮ ಎದ್ದಳು. ‘1920ರ ಮಾರ್ಚ್‌ನಲ್ಲಿ ಹೆಂಗಸರು ಓಟು ಹಾಕಿದ್ದರೇ?’ ಎಂದು ಕೇಳಿದೆ. ಅಜ್ಜಿ ಕಾಫಿ ಲೋಟ ಕೆಳಗಿಟ್ಟರು. ಇಲ್ಲ. ಅಮೆರಿಕದ ಹೆಂಗಸರೆಲ್ಲರಿಗೂ ಮತದ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಅವರ ರಾಜ್ಯ ಮೊದಲ ಸಲ ಮೊದಲಿಗನಾಗಿ ಕೂತಾಗ, ಅವರ ತಾಯಿ ಮನೆಯಲ್ಲೇ ಇದ್ದರಂತೆ.

ಆಮೇಲೆ ಅವರು 1964ರ ಸಂಗತಿ ಹೇಳಿದರು. ಪಕ್ಕದ ಮೇನ್ ರಾಜ್ಯದ ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್, 66 ವರ್ಷದ ಹೆಂಗಸು, ಆ ಕಡು ಚಳಿಯಲ್ಲಿ ನ್ಯೂ ಹ್ಯಾಂಪ್‌ಷೈರ್ ಸುತ್ತಿದರು. ಯಾರಿಂದಲೂ ದೇಣಿಗೆ ಬೇಡವೆಂದಿದ್ದರು. ವಿಯೆಟ್ನಾಮಿನಲ್ಲಿ ರಾಯಭಾರಿಯಾಗಿದ್ದು, ಇತ್ತ ಕಾಲೇ ಇಡದ ಹೆನ್ರಿ ಕ್ಯಾಬಟ್ ಲಾಜ್ ಅವರ ಹೆಸರನ್ನು ಜನ ಮತಪತ್ರದ ಮೇಲೆ ಕೈಯಾರೆ ಬರೆದು ಗೆಲ್ಲಿಸಿದರು. ಮನೆಬಾಗಿಲಿಗೆ ಬಂದ ಹೆಂಗಸಿಗೆ ಐದನೆಯ ಸ್ಥಾನ. ಆದರೂ ಆ ವರ್ಷ ದೊಡ್ಡ ಪಕ್ಷವೊಂದರ ಅಧಿವೇಶನದಲ್ಲಿ ಅಧ್ಯಕ್ಷ ಪದವಿಗೆ ಹೆಸರು ಸೂಚಿಸಲ್ಪಟ್ಟ ಮೊದಲ ಮಹಿಳೆ ಅವರೇ. ‘ನಾನು ಅವರಿಗೇ ಹಾಕಿದ್ದೆ. ಯಜಮಾನರಿಗೆ ಹೇಳಿರಲಿಲ್ಲ’ ಎಂದರು ಅಜ್ಜಿ. ನಲವತ್ತನಾಲ್ಕು ವರ್ಷದ ನಂತರವೂ ಅವರ ದನಿ ತಗ್ಗಿತು.

2008ರ ಜನವರಿ 3ರ ರಾತ್ರಿ ಟೀವಿಯಲ್ಲಿ ಅಯೋವಾದ ಸಭೆಗಳನ್ನು ತೋರಿಸಿದರು. ಹಿಲರಿ ಕ್ಲಿಂಟನ್ ಮೂರನೆಯವರಾದರು. ಮಗಳು ಹಾಲು ಕುಡಿಸುತ್ತಾ ಕೂತಿದ್ದಳು. ‘ಅಮ್ಮಾ, ರಾತ್ರಿ ಏಳು ಗಂಟೆಗೆ ಎರಡು ಗಂಟೆ ಹೊತ್ತು ಹೋಗಿ ನಿಲ್ಲಬೇಕಂತೆ. ನನ್ನಂಥ ಬಾಣಂತಿ ಏನು ಮಾಡಬೇಕು? ರಾತ್ರಿ ಪಾಳಿಯ ನರ್ಸು ಏನು ಮಾಡಬೇಕು?’ ಎಂದಳು. ಉತ್ತರ ಸರಳ. ಬರಲಾಗದವರಿಗೆ ಆಗ ಅಲ್ಲಿ ಮತವೇ ಇರಲಿಲ್ಲ.

ಜನವರಿ 7ರಂದು ಪೋರ್ಟ್ಸ್‌ಮತ್ ಊರಿನ ಕಾಫಿ ಅಂಗಡಿಯಲ್ಲಿ ಒಬ್ಬ ಹೆಂಗಸು ಹಿಲರಿಯವರನ್ನು, ಇಷ್ಟೆಲ್ಲವನ್ನೂ ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರು. ಹಿಲರಿಯವರ ಗಂಟಲು ಕಟ್ಟಿತು, ಕಣ್ಣು ತೇವವಾಯಿತು. ಇಡೀ ದಿನ ಟೀವಿಯಲ್ಲಿ ಅದೇ. ‘ಮುಗಿಯಿತು’ ಎಂದ ನನ್ನ ಅಳಿಯ. ಅಜ್ಜಿಗೂ ಹಾಗೇ ಅನಿಸಿತ್ತು. ಏಕೆಂದರೆ 1972ರಲ್ಲಿ ಎಡ್ಮಂಡ್ ಮಸ್ಕಿ ಎಂಬ ಸೆನೆಟರ್ ತಮ್ಮ ಹೆಂಡತಿಯ ಬಗ್ಗೆ ಹಗುರವಾಗಿ ಬರೆದ ಪತ್ರಿಕೆಯ ಕಚೇರಿ ಮುಂದೆ, ಮ್ಯಾಂಚೆಸ್ಟರಿನಲ್ಲಿ, ಸುರಿಯುವ ಹಿಮದಲ್ಲಿ ನಿಂತು ಮಾತಾಡುವಾಗ ಅತ್ತರೆಂದು ಸುದ್ದಿಯಾಗಿತ್ತು. ಅದು ಕರಗಿದ ಹಿಮ ಎಂದು ಅವರು ಎಷ್ಟು ಹೇಳಿದರೂ ಯಾರು ಕೇಳಿದರು? ಪ್ರೈಮರಿ ಗೆದ್ದರೂ ಅವರ ದಾರಿ ಅಲ್ಲಿಂದಲೇ ಇಳಿಜಾರಾಯಿತು. ಹೆಂಡತಿಗಾಗಿ ಕಣ್ಣೀರು ಹಾಕಿದ್ದೂ ಒಂದು ಅಪರಾಧವೇ ಎಂದು ನನಗನಿಸಿತು.

ಆದರೆ ಮಾರನೆಯ ದಿನ ಹಿಲರಿ ಗೆದ್ದರು. ಕಣ್ಣೀರು ಗೆಲ್ಲಿಸಿತು ಎಂದರು ಕೆಲವರು. ನನಗೇನೋ, ಆ ಪ್ರಶ್ನೆ ಕೇಳಿದ ಹೆಂಗಸಿನ ಬಗ್ಗೆಯೇ ಯೋಚನೆ. ದೊಡ್ಡ ಸಭೆಗಳಲ್ಲಿ ಅಂಥ ಪ್ರಶ್ನೆ ಕೇಳುವವರು ಯಾರು, ಕೇಳಿಸಿಕೊಳ್ಳುವವರು ಯಾರು? ಮೇಜಿನ ಸುತ್ತ ಹತ್ತಾರು ಜನ ಕೂತಾಗ ಮಾತ್ರ ಅದು ಸಾಧ್ಯ. ಸಣ್ಣ ರಾಜ್ಯಗಳ ಪರವಾಗಿ ಹೇಳಬಹುದಾದ ಮಾತು ಇದೊಂದೇ, ಮತ್ತು ಅದು ಸಣ್ಣ ಮಾತಲ್ಲ.

ಹಾಗೆಂದು ಕೊನೆಯ ಪಂಕ್ತಿಯವರನ್ನು ಮರೆಯಲಾದೀತೇ? ಈ ಎರಡು ರಾಜ್ಯಗಳಲ್ಲಿ ಬಹುಪಾಲು ಬಿಳಿಯರು. ಡೆಮಾಕ್ರಟಿಕ್ ಪಕ್ಷವನ್ನು ಹೆಗಲ ಮೇಲೆ ಹೊತ್ತ ಕಪ್ಪು ಜನ, ಅವರಲ್ಲೂ ಹೆಂಗಸರು, ತಮ್ಮ ಸರದಿಗೆ ಕಾಯುತ್ತಲೇ ಇದ್ದರು. 2020ರಲ್ಲಿ ಅಯೋವಾದ ಸಭೆಗಳ ಲೆಕ್ಕ ಮೊಬೈಲ್ ತಂತ್ರಾಂಶ ಕೈಕೊಟ್ಟು ಆ ರಾತ್ರಿ ಬರಲೇ ಇಲ್ಲ. ಅಲ್ಲಿ ನಾಲ್ಕನೆಯವರಾದ, ನ್ಯೂ ಹ್ಯಾಂಪ್‌ಷೈರಿನಲ್ಲಿ ಐದನೆಯವರಾದ ಜೋ ಬೈಡನ್ ಅವರನ್ನು ಎತ್ತಿ ನಿಲ್ಲಿಸಿದ್ದು ಸೌತ್ ಕ್ಯಾರೊಲಿನಾ. ಅಲ್ಲಿಯ ಪಕ್ಷದ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ. 2024ಕ್ಕೆ ಆ ಪಕ್ಷ ಅವರಿಗೇ ಮೊದಲ ಮಣೆ ಹಾಕಿತು. ನ್ಯೂ ಹ್ಯಾಂಪ್‌ಷೈರ್ ಒಪ್ಪದೆ, ಹನ್ನೊಂದು ದಿನ ಮೊದಲೇ ತಾನಾಗಿ ಎಲೆ ಹಾಕಿಕೊಂಡು ಕೂತಿತು!

ನಮ್ಮಮ್ಮ ಜೀವಮಾನವೆಲ್ಲ ಕೊನೆಯ ಪಂಕ್ತಿಯಲ್ಲೇ ಉಂಡವರು. ಒಮ್ಮೆ ಸೋದರಮಾವ ಒತ್ತಾಯ ಮಾಡಿ ಮೊದಲು ಕೂರಿಸಿದಾಗ, ಎಲೆ ಮುಂದೆ ಕೂತು ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದರು. ‘ಏನಮ್ಮಾ?’ ಎಂದರೆ, ‘ಹಿಂದಿನವರಿಗೆ ಉಳಿಯುತ್ತೇನೇ?’ ಎಂದರು.

ನಾನು ಹೊರಡುವ ದಿನ ಅಜ್ಜಿ ಬಂದಿದ್ದರು. ‘ಈ ಸಲ ಯಾರಿಗೆ ಹಾಕಿದಿರಿ, ಈಗಲಾದರೂ ಹೇಳಿ’ ಎಂದೆ. ನಕ್ಕುಬಿಟ್ಟರು. ಯಜಮಾನರಿಗೇ ಹೇಳದವರು ನನಗೆ ಹೇಳಿಯಾರೇ? ಅವರಿಗೆ ನಮ್ಮಮ್ಮನ ಈ ಮಾತನ್ನು ಇಂಗ್ಲಿಷಿನಲ್ಲಿ ಹೇಗೋ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಲ್ಲಿ ಯಾರೂ ಹಾಗೆ ಹಿಂದಿರುಗಿ ನೋಡಿದ್ದಿಲ್ಲ’ ಎಂದರು. ಆಮೇಲೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು.