ಮೊಂಜಾ 2008: ಸೆಬಾಸ್ಟಿಯನ್ ವೆಟೆಲ್ ಗೆದ್ದ ಮೊದಲ ರೇಸ್

2008ರ ಸೆಪ್ಟೆಂಬರ್ 13ರ ಶನಿವಾರ ಇಟಲಿಯ ಮೊಂಜಾ ಸರ್ಕ್ಯೂಟ್‌ನಲ್ಲಿ ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ ಪೋಲ್ ಪೊಸಿಷನ್ (ರೇಸ್ ಹೊರಡುವಾಗಿನ ಮೊದಲ ಸ್ಥಾನ) ಪಡೆದರು. ಮರುದಿನ ರೇಸನ್ನೂ ಗೆದ್ದು ಫಾರ್ಮುಲಾ ಒನ್ ಇತಿಹಾಸದ ಅತಿ ಕಿರಿಯ ವಿಜೇತರೆನಿಸಿದರು. ಆಗ ಅವರ ವಯಸ್ಸು 21 ವರ್ಷ 73 ದಿನ. ಅವರ ತಂಡವಾದ ಟೊರೊ ರೊಸ್ಸೊಗೂ ಅದು ಮೊದಲ ಗೆಲುವು. ಎರಡೂ ದಿನ ಮಳೆ ಸುರಿದಿದ್ದರಿಂದ ಈ ಜಯವನ್ನು ಮಳೆಯ ಖಾತೆಗೆ ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಆದರೆ ಅಂದು ಮಳೆಯಲ್ಲಿ ನೆನೆದದ್ದು ಇಪ್ಪತ್ತೂ ಕಾರುಗಳು.

ಎಳೆಯ ವಯಸ್ಸಿನ ಗೆಲುವುಗಳು ಈ ಕ್ರೀಡೆಯಲ್ಲಿ ಬಹುಕಾಲ ಅಪರೂಪವಾಗಿದ್ದವು. ಅಮೆರಿಕದ ಟ್ರಾಯ್ ರಟ್‌ಮನ್ 1952ರಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದಾಗ ಅವರಿಗೆ 22 ವರ್ಷ. ಆ ರೇಸ್ ಆಗ ವಿಶ್ವ ಚಾಂಪಿಯನ್‌ಷಿಪ್‌ನ ಭಾಗವಾಗಿತ್ತು. 1959ರಲ್ಲಿ ಸೀಬ್ರಿಂಗ್‌ನಲ್ಲಿ ಗೆದ್ದ ಬ್ರೂಸ್ ಮೆಕ್‌ಲಾರೆನ್ ಕೂಡ 22ರ ತರುಣ. ಈ ದಾಖಲೆಗಳನ್ನು ಮುರಿಯಲು 2003ರ ಹಂಗೇರಿ ರೇಸ್‌ನಲ್ಲಿ ಸ್ಪೇನ್‌ನ ಫರ್ನಾಂಡೊ ಅಲೊನ್ಸೊ ಬರಬೇಕಾಯಿತು. ಅವರ ವಯಸ್ಸು 22 ವರ್ಷ 26 ದಿನ. ಅತಿ ಕಿರಿಯ ಪೋಲ್ ವಿಜೇತ ಎಂಬ ದಾಖಲೆಯೂ ಆಗ ಅಲೊನ್ಸೊ ಅವರದೇ ಆಗಿತ್ತು. ವೆಟೆಲ್ ಎರಡನ್ನೂ ಒಂದೇ ವಾರಾಂತ್ಯದಲ್ಲಿ ತಮ್ಮದಾಗಿಸಿಕೊಂಡರು.

ವೆಟೆಲ್ ಹುಟ್ಟಿದ್ದು 1987ರ ಜುಲೈ 3ರಂದು, ಹೆಪ್ಪೆನ್‌ಹೈಮ್ ಎಂಬ ಊರಿನಲ್ಲಿ. ಕಾರ್ಟಿಂಗ್‌ನಿಂದ ಮೇಲೆ ಬಂದ ಅವರು 2004ರಲ್ಲಿ ಜರ್ಮನಿಯ ಫಾರ್ಮುಲಾ ಬಿಎಂಡಬ್ಲ್ಯು ಸರಣಿಯ 20 ರೇಸ್‌ಗಳಲ್ಲಿ 18ನ್ನು ಗೆದ್ದರು. ಫಾರ್ಮುಲಾ ಒನ್ ಪ್ರವೇಶ ಬದಲಿ ಚಾಲಕನಾಗಿ ಒದಗಿತು. 2007ರಲ್ಲಿ ಕೆನಡಾದ ಭೀಕರ ಅಪಘಾತದ ನಂತರ ರಾಬರ್ಟ್ ಕುಬಿತ್ಸಾ ವಿಶ್ರಾಂತಿ ಪಡೆದಾಗ, ಅವರ ಬಿಎಂಡಬ್ಲ್ಯು ಕಾರನ್ನು ಇಂಡಿಯಾನಾಪೊಲಿಸ್‌ನಲ್ಲಿ ಓಡಿಸಿ 8ನೇ ಸ್ಥಾನ ಪಡೆದರು. ಅದೇ ವರ್ಷದ ಹಂಗೇರಿ ರೇಸ್‌ನಿಂದ ಟೊರೊ ರೊಸ್ಸೊ ಸೇರಿದರು.

ಮಳೆಯಲ್ಲಿ ಅವರ ಕೈಚಳಕ ಮೊದಲು ಕಂಡದ್ದು ಆ ಋತುವಿನಲ್ಲಿ ಜಪಾನಿನ ಫ್ಯುಜಿ ರೇಸ್‌ನಲ್ಲಿ, ಅದೂ ಕಹಿಯಾಗಿ. ಮೂರನೇ ಸ್ಥಾನದಲ್ಲಿದ್ದ ಅವರು, ಅಪಾಯದ ವೇಳೆ ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರಿನ ಹಿಂದೆ ನಿಧಾನವಾಗಿ ಸಾಗುವಾಗಲೇ, ಎರಡನೆಯವರಾಗಿದ್ದ ಮಾರ್ಕ್ ವೆಬರ್ ಅವರ ಕಾರಿಗೆ ಹಿಂದಿನಿಂದ ಗುದ್ದಿದರು. ಇಬ್ಬರ ರೇಸೂ ಅಲ್ಲಿಗೇ ಮುಗಿಯಿತು. ಮುಂದಿನ ವಾರ ಶಾಂಘೈಯ ಒದ್ದೆ ಟ್ರ್ಯಾಕ್‌ನಲ್ಲಿ ಅದೇ ಹುಡುಗ ನಾಲ್ಕನೆಯವನಾಗಿ ಬಂದ. ಮೊಂಜಾದಲ್ಲಿ ನಡೆದದ್ದು ಆಕಸ್ಮಿಕ ಎನ್ನುವವರು ಈ ಎರಡು ರೇಸ್‌ಗಳನ್ನು ಮರೆಯುತ್ತಾರೆ.

ತಂಡದ ಕಥೆ ಇನ್ನೂ ಹಳೆಯದು. ಪಿಂಗಾಣಿ ಕಲೆಗೆ ಹೆಸರಾದ ಇಟಲಿಯ ಫಯೆನ್ಜಾ ಪಟ್ಟಣದಲ್ಲಿ ಜಿಯಾನ್‌ಕಾರ್ಲೊ ಮಿನಾರ್ಡಿ ಕಟ್ಟಿದ ಮಿನಾರ್ಡಿ ತಂಡವೇ ಇದರ ಮೂಲ. 1985ರಿಂದ 2005ರವರೆಗೆ ಹಣದ ಕೊರತೆಯಲ್ಲೇ ಬದುಕಿದ ಮಿನಾರ್ಡಿ ಒಮ್ಮೆಯೂ ಪೋಡಿಯಂ ಏರಲಿಲ್ಲ. ನಾಲ್ಕನೇ ಸ್ಥಾನವೇ ಅದರ ಅತ್ಯುತ್ತಮ ಸಾಧನೆ. ಆದರೂ ಅದನ್ನು ಪ್ರೀತಿಸದ ರೇಸ್ ಅಭಿಮಾನಿ ಇರಲಿಲ್ಲವೆನ್ನಬೇಕು. 2005ರ ಕೊನೆಗೆ ರೆಡ್ ಬುಲ್ ಕಂಪನಿ ಅದನ್ನು ಕೊಂಡು ಟೊರೊ ರೊಸ್ಸೊ ಎಂದು ಹೆಸರಿಟ್ಟು, ತನ್ನ ಎಳೆಯ ಚಾಲಕರ ಗರಡಿಮನೆಯನ್ನಾಗಿ ಮಾಡಿಕೊಂಡಿತು. 2008ರಲ್ಲಿ ತಂಡವನ್ನು ನಡೆಸುತ್ತಿದ್ದವರು ಫ್ರಾನ್ಸ್ ಟೋಸ್ಟ್. ಮಾಜಿ ಚಾಲಕ ಗೆರ್ಹಾರ್ಡ್ ಬರ್ಗರ್ ಸಹಮಾಲೀಕರಾಗಿದ್ದರು. ತಾಂತ್ರಿಕ ವಿಭಾಗ ಜಾರ್ಜಿಯೊ ಅಸ್ಕನೆಲ್ಲಿ ಅವರ ಕೈಯಲ್ಲಿತ್ತು.

ವರ್ಷದ ಆರಂಭ ನೆಟ್ಟಗಿರಲಿಲ್ಲ. ಮೊದಲ ನಾಲ್ಕು ರೇಸ್‌ಗಳಲ್ಲಿ ಒಂದನ್ನೂ ವೆಟೆಲ್ ಮುಗಿಸಲಿಲ್ಲ. ಹೊಸ ಎಸ್‌ಟಿಆರ್3 ಕಾರು ಬಂದದ್ದು ಮೊನಾಕೊದಲ್ಲಿ. ಅಲ್ಲಿ 5ನೇ ಸ್ಥಾನ ದಕ್ಕಿತು. ವಿನ್ಯಾಸಕ ಏಡ್ರಿಯನ್ ನ್ಯೂಯಿ ನೇತೃತ್ವದಲ್ಲಿ ರೂಪುಗೊಂಡ ಈ ಕಾರಿನ ಚಾಸಿ, ಅದೇ ಕಂಪನಿಯ ಹಿರಿಯ ತಂಡವಾದ ರೆಡ್ ಬುಲ್‌ನ ಕಾರಿನ ಮಾದರಿಯದೇ. ಆದರೆ ಅವರ ಕಾರಿನಲ್ಲಿದ್ದದ್ದು ರೆನೊ ಎಂಜಿನ್, ಇವರದರಲ್ಲಿ ಫೆರಾರಿಯ 2.4 ಲೀಟರ್ ವಿ8. ಬಹುಪಾಲು ನೇರ ದಾರಿಯೇ ಇರುವ ಮೊಂಜಾದಂಥ ಸರ್ಕ್ಯೂಟ್‌ನಲ್ಲಿ ಎಂಜಿನ್ನಿನ ಬಲವೇ ಮುಖ್ಯ. ಇದರ ಜೊತೆಗೆ ಆ ವರ್ಷ ಟ್ರ್ಯಾಕ್ಷನ್ ಕಂಟ್ರೋಲ್ ನಿಷೇಧವಾಗಿತ್ತು. ಹಿಂದಿನ ಚಕ್ರಗಳು ಜಾರದಂತೆ ಕಾಯುತ್ತಿದ್ದ ಆ ಎಲೆಕ್ಟ್ರಾನಿಕ್ ವ್ಯವಸ್ಥೆ ಹೋದ ಮೇಲೆ, ಒದ್ದೆ ಟ್ರ್ಯಾಕ್‌ನ ತಿರುವಿನಿಂದ ಹೊರಬರುವಾಗ ಎಷ್ಟು ಶಕ್ತಿ ಬಿಡಬೇಕೆಂಬುದನ್ನು ಚಾಲಕನ ಬಲಗಾಲೇ ನಿರ್ಧರಿಸಬೇಕಿತ್ತು.

ಶನಿವಾರದ ಅರ್ಹತಾ ಸುತ್ತಿನಲ್ಲಿ ನೀರು ಹೆಚ್ಚು ಕಡಿಮೆಯಾಗುತ್ತಲೇ ಇತ್ತು. ಟೈರಿನ ಆಯ್ಕೆಯಲ್ಲಿ, ಸಮಯದ ಲೆಕ್ಕದಲ್ಲಿ ದೊಡ್ಡ ತಂಡಗಳೇ ಎಡವಿದವು: ಚಾಂಪಿಯನ್‌ಷಿಪ್‌ನಲ್ಲಿ ಮುಂದಿದ್ದ ಲೂಯಿಸ್ ಹ್ಯಾಮಿಲ್ಟನ್ 15ನೇ ಸ್ಥಾನಕ್ಕೆ, ಹಿಂದಿನ ವರ್ಷದ ಚಾಂಪಿಯನ್ ಕಿಮಿ ರೈಕೊನೆನ್ 14ಕ್ಕೆ ಇಳಿದರು. ವೆಟೆಲ್ 1 ನಿಮಿಷ 37.555 ಸೆಕೆಂಡಿನಲ್ಲಿ ಸುತ್ತು ಮುಗಿಸಿ ಎಲ್ಲರಿಗಿಂತ ಮುಂದೆ ನಿಂತರು. ಪಕ್ಕದಲ್ಲಿ ಮೆಕ್‌ಲಾರೆನ್‌ನ ಹೈಕಿ ಕೊವಲೈನೆನ್. ಟೊರೊ ರೊಸ್ಸೊದ ಇನ್ನೊಬ್ಬ ಚಾಲಕ ಸೆಬಾಸ್ಟಿಯನ್ ಬೋರ್ಡೆ ನಾಲ್ಕನೆಯವರಾಗಿದ್ದರು. ಎರಡೂ ಕಾರುಗಳು ಅಷ್ಟು ಮುಂದಿದ್ದದ್ದು ಕಾರಿನ ಗುಣಕ್ಕೆ ಸಾಕ್ಷಿ. ಅದನ್ನು ಮರೆಮಾಚಿ ಚಾಲಕನನ್ನು ಹೊಗಳಬೇಕಾಗಿಲ್ಲ.

ಭಾನುವಾರವೂ ಟ್ರ್ಯಾಕ್ ತೋಯ್ದಿತ್ತು. ಸೇಫ್ಟಿ ಕಾರಿನ ಹಿಂದೆ ಹೊರಡುವ ಹೊತ್ತಿಗೆ ಬೋರ್ಡೆ ಅವರ ಕಾರು ಗ್ರಿಡ್‌ನಲ್ಲೇ ಕೆಟ್ಟು ನಿಂತಿತು; ಅವರು ಒಂದು ಸುತ್ತು ಹಿಂದೆ ಬಿದ್ದರು. ಎರಡು ಸುತ್ತಿನ ನಂತರ ಸೇಫ್ಟಿ ಕಾರು ಬದಿಗೆ ಸರಿದಾಗ ವೆಟೆಲ್ ಎದುರಿಗಿದ್ದದ್ದು ಖಾಲಿ ದಾರಿ. ಮಳೆಯ ರೇಸ್‌ನಲ್ಲಿ ಇದರ ಬೆಲೆ ದೊಡ್ಡದು. ಮುಂದಿನ ಕಾರಿನ ಟೈರುಗಳು ಎಬ್ಬಿಸುವ ನೀರಿನ ತುಂತುರು ಹಿಂದಿನವರ ಮುಖಕ್ಕೆ ರಾಚಿ, ಬ್ರೇಕ್ ಹಾಕುವ ಗುರುತಿನ ಫಲಕವೂ ಕಾಣದಂತಾಗುತ್ತದೆ. ಮೊದಲಿಗನಿಗೆ ಆ ತೊಂದರೆಯಿಲ್ಲ. ಆದರೆ ಯಾವ ತಿರುವಿನಲ್ಲಿ ನೀರು ನಿಂತಿದೆ, ಎಲ್ಲಿ ಬ್ರೇಕ್ ಹಿಡಿಯುತ್ತದೆ ಎಂಬುದನ್ನು ಎಲ್ಲರಿಗಿಂತ ಮೊದಲು ಅರಿಯಬೇಕಾದವನೂ ಅವನೇ. ಗಂಟೆಗೆ 250 ಕಿಲೋಮೀಟರ್ ದಾಟಿದ ವೇಗದಿಂದ ಮೊದಲ ಷಿಕೇನ್‌ಗೆ (ಬೆನ್ನುಬೆನ್ನಿಗೆ ಬರುವ ಬಿಗಿ ತಿರುವುಗಳಿಗೆ) ಇಳಿಯುವಾಗ ಒಂದು ಚಕ್ರ ಬಿಳಿ ಗೆರೆಯ ಮೇಲೆ ಹತ್ತಿದರೂ ಕಾರು ಕೈತಪ್ಪುತ್ತದೆ. ಇದನ್ನು 53 ಸುತ್ತು ನಿಭಾಯಿಸಬೇಕಿತ್ತು. ವೆಟೆಲ್ ಆರಂಭದಲ್ಲೇ ಅಂತರ ಬೆಳೆಸಿಕೊಂಡರು. ಟ್ರ್ಯಾಕ್ ಆರುತ್ತ ಬಂದಾಗ, ಎರಡನೇ ಪಿಟ್ ನಿಲುಗಡೆಯಲ್ಲಿ, ಅರೆ ಒದ್ದೆ ಟ್ರ್ಯಾಕ್‌ಗೆಂದಿರುವ ಇಂಟರ್‌ಮೀಡಿಯೇಟ್ ಟೈರುಗಳಿಗೆ ಬದಲಾಯಿಸಿಕೊಂಡರು. ಕೊನೆಗೆ ಕೊವಲೈನೆನ್ ಅವರಿಗಿಂತ 12.5 ಸೆಕೆಂಡ್ ಮುಂದಾಗಿ ಗುರಿ ಮುಟ್ಟಿದರು. ಕುಬಿತ್ಸಾ ಮೂರನೆಯವರು, ಕೆಳಗಿನಿಂದ ಹತ್ತಿಬಂದ ಹ್ಯಾಮಿಲ್ಟನ್ 7ನೆಯವರು. ಮುಂದಿದ್ದವರು ಕೆಟ್ಟು ನಿಂತು ಒದಗಿದ ಗೆಲುವಲ್ಲ ಇದು.

ಪೋಡಿಯಂನಲ್ಲಿ ಜರ್ಮನಿಯ ರಾಷ್ಟ್ರಗೀತೆ, ಅದರ ಬೆನ್ನಿಗೆ ಇಟಲಿಯದು. ಜರ್ಮನಿಯವರೇ ಆದ ಮೈಕೆಲ್ ಷುಮಾಕರ್ ಇಟಲಿಯ ಫೆರಾರಿಯಲ್ಲಿ ಗೆಲ್ಲುತ್ತಿದ್ದ ಕಾಲದಲ್ಲಿ ಮೊಂಜಾದ ಜನ ಕೇಳಿದ್ದ ಅದೇ ಕ್ರಮ.

ಆ ವರ್ಷ ಟೊರೊ ರೊಸ್ಸೊ 39 ಅಂಕಗಳೊಂದಿಗೆ ಆರನೇ ಸ್ಥಾನ ಗಳಿಸಿ, 29 ಅಂಕದ ಹಿರಿಯ ರೆಡ್ ಬುಲ್ ತಂಡವನ್ನೇ ಹಿಂದಿಕ್ಕಿತು. 39ರಲ್ಲಿ 35 ವೆಟೆಲ್ ಗಳಿಸಿದವು. 2009ರಲ್ಲಿ ಅವರು ರೆಡ್ ಬುಲ್‌ಗೆ ಹೋದರು. ಆ ತಂಡದ ಮೊದಲ ಜಯವನ್ನು ತಂದದ್ದೂ ಅವರೇ, ಶಾಂಘೈಯಲ್ಲಿ, ಮತ್ತೆ ಪೋಲ್‌ನಿಂದ, ಮತ್ತೆ ಮಳೆಯಲ್ಲಿ. 2010ರಲ್ಲಿ 23ನೇ ವಯಸ್ಸಿಗೆ ಅತಿ ಕಿರಿಯ ವಿಶ್ವ ಚಾಂಪಿಯನ್ ಆಗಿ, 2013ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದರು. ಭಾರತದ ಬುದ್ಧ ಸರ್ಕ್ಯೂಟ್‌ನಲ್ಲಿ 2011ರಿಂದ 2013ರವರೆಗೆ ನಡೆದ ಮೂರೂ ರೇಸ್‌ಗಳು ಅವರವೇ. ನಾಲ್ಕನೇ ಪ್ರಶಸ್ತಿ ಖಚಿತವಾದದ್ದೂ ಅಲ್ಲೇ. 2022ರಲ್ಲಿ ನಿವೃತ್ತರಾಗುವಾಗ ಅವರ ಗೆಲುವುಗಳು 53.

ಅತಿ ಕಿರಿಯ ವಿಜೇತ ಎಂಬ ದಾಖಲೆಯನ್ನು 2016ರ ಮೇ ತಿಂಗಳಲ್ಲಿ, ಸ್ಪೇನ್‌ನಲ್ಲಿ, ಮ್ಯಾಕ್ಸ್ ವೆರ್‌ಸ್ಟಾಪನ್ 18ನೇ ವಯಸ್ಸಿನಲ್ಲಿ ಮುರಿದರು. ಟೊರೊ ರೊಸ್ಸೊದಲ್ಲೇ ಪಳಗಿದ ಅವರಿಗೆ ಅದು ರೆಡ್ ಬುಲ್ ಪರ ಮೊದಲ ರೇಸ್. ಫೆರಾರಿಯಲ್ಲಿದ್ದ ವೆಟೆಲ್ ಮೂರನೆಯವರಾಗಿದ್ದರು. ಫಯೆನ್ಜಾದ ತಂಡ ಮಾತ್ರ ಎರಡನೇ ಗೆಲುವಿಗೆ 2020ರವರೆಗೆ ಕಾಯಿತು. ಆಲ್ಫಾಟೌರಿ ಎಂಬ ಹೊಸ ಹೆಸರಿನಲ್ಲಿ ಅದನ್ನು ಗೆದ್ದುಕೊಟ್ಟವರು ಪಿಯರ್ ಗ್ಯಾಸ್ಲಿ, ಮೊಂಜಾದಲ್ಲೇ.