ಟ್ರ್ಯಾಕ್ಟರ್ ಪವರ್ ರೇಕ್: ಕಲ್ಲು ಹೊಲ ಹಸನು ಮಾಡುವ ಮುನ್ನ ತಿಳಿಯಬೇಕಾದದ್ದು

ಬೀಳು ಬಿದ್ದ ಹೊಲವನ್ನು ಮತ್ತೆ ಸಾಗುವಳಿಗೆ ತರುವುದು ಸುಲಭದ ಕೆಲಸವಲ್ಲ. ಮಡಕಶಿರಾ, ರಾಯದುರ್ಗ ಕಡೆಯ ಕೆಂಪು ನೆಲದಲ್ಲಿ ಮೊದಲು ಅಡ್ಡ ಬರುವುದು ಕಲ್ಲು, ನಂತರ ಬಳ್ಳಾರಿ ಜಾಲಿ. ಇಲ್ಲಿ ಫಲವತ್ತಾದ ಮೇಲ್ಮಣ್ಣು ತೆಳುವಾಗಿರುವುದೇ ಹೆಚ್ಚು. ಯಂತ್ರ ತಪ್ಪಾಗಿ ಓಡಿದರೆ ಒಂದೇ ದಿನದಲ್ಲಿ ಆ ಮಣ್ಣು ಹೋಗುತ್ತದೆ. ಹೊಲ ನೋಡಲು ಚೆಂದವಾಗಿರುತ್ತದೆ, ಶೇಂಗಾ ಮಾತ್ರ ಏಳುವುದಿಲ್ಲ. ಆದ್ದರಿಂದ ಈ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ರೈತರು ಮೊದಲೇ ತಿಳಿದಿರುವುದು ಒಳ್ಳೆಯದು.

ಯಂತ್ರ ಹೇಗಿರುತ್ತದೆ?

ನಮ್ಮ ಹಿರಿಯರು ಎತ್ತಿಗೆ ಕಟ್ಟುತ್ತಿದ್ದ ಹಲುಬೆಯನ್ನು ನೆನಪಿಸಿಕೊಳ್ಳಿ. ಅದರ ಹಲ್ಲುಗಳನ್ನು ಒಂದು ಉರುಳೆಯ ಸುತ್ತ ಕೂರಿಸಿ, ಉರುಳೆಯನ್ನು ಟ್ರ್ಯಾಕ್ಟರ್ ಬಲದಿಂದ ತಿರುಗಿಸಿದರೆ ಅದೇ ಪವರ್ ರೇಕ್. ಟ್ರ್ಯಾಕ್ಟರ್ ಹಿಂದಿನ ಪಿಟಿಒ ಶಾಫ್ಟ್‌ನಿಂದ ಇದು ತಿರುಗುತ್ತದೆ. ಪಿಟಿಒದ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು. ಉರುಳೆ ಮೇಲಿನ ಒಂದೆರಡು ಅಂಗುಲ ಮಣ್ಣನ್ನು ಸಡಿಲಿಸಿ, ಹೆಂಟೆ ಒಡೆದು, ಕಲ್ಲು ಮತ್ತು ಕಸವನ್ನು ಮುಂದೆ ತಳ್ಳುತ್ತದೆ. ಉರುಳೆಯನ್ನು ಓರೆಯಾಗಿ ಇಟ್ಟರೆ ಕಲ್ಲು ಒಂದು ಪಕ್ಕಕ್ಕೆ ಸಾಲಾಗಿ ಬೀಳುತ್ತದೆ, ಆಯ್ದು ಸಾಗಿಸಲು ಅನುಕೂಲ. ಎಷ್ಟು ಆಳಕ್ಕೆ ಹೋಗಬೇಕೆಂಬುದನ್ನು ಪಕ್ಕದ ಚಿಕ್ಕ ಗಾಲಿಗಳು ನಿರ್ಧರಿಸುತ್ತವೆ.

ರೋಟವೇಟರ್‌ಗೂ ಇದಕ್ಕೂ ವ್ಯತ್ಯಾಸವಿದೆ. ರೋಟವೇಟರ್ ಕಸವನ್ನು ಮಣ್ಣಿನೊಳಗೆ ಬೆರೆಸುತ್ತದೆ, ರೇಕ್ ಅದನ್ನು ಮಣ್ಣಿನಿಂದ ಬೇರೆ ಮಾಡುತ್ತದೆ. ಬ್ಲೇಡ್ ಮಣ್ಣನ್ನೇ ಹೊತ್ತು ತಳ್ಳುತ್ತದೆ, ರೇಕ್ ದೊಡ್ಡ ಉಬ್ಬು ತಗ್ಗು ತುಂಬಲಾರದು.

ಯಾವುದು ಮೊದಲು, ಯಾವುದು ನಂತರ?

ರೇಕ್ ಕೊನೆಯ ಹಂತದ ಯಂತ್ರ. ಮೊದಲು ಗಿಡ, ಬೊಡ್ಡೆ, ದೊಡ್ಡ ಗುಂಡು ತೆಗೆಸಬೇಕು. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಸುಮಾರು ಒಂದು ಅಡಿ ಆಳದಿಂದ ಬೊಡ್ಡೆ ಸಮೇತ ಕೀಳಬೇಕು, ಇದಕ್ಕೆ ಜೆಸಿಬಿಯೇ ಸರಿ. ನಂತರ ಕಲ್ಟಿವೇಟರ್ ಹೊಡೆದು ಗಟ್ಟಿ ನೆಲ ಸಡಿಲಿಸಿ, ಬ್ಲೇಡ್‌ನಿಂದ ಏರು ತಗ್ಗು ಸರಿಪಡಿಸಿ, ಆಮೇಲೆ ರೇಕ್ ಹಾಯಿಸಬೇಕು. ಮುಷ್ಟಿ ಗಾತ್ರದ ಕಲ್ಲನ್ನು ಇದು ಸರಿಸುತ್ತದೆ. ನೆಲದಲ್ಲಿ ಹೂತ ಬಂಡೆಗೆ ತಗುಲಿದರೆ ಹಲ್ಲು ಮುರಿಯುತ್ತದೆ.

ಮಣ್ಣು ಹದವಾಗಿ ಒಣಗಿರಬೇಕು. ಆದೋನಿ ಕಡೆಯ ಎರೆ ಮಣ್ಣು ಹಸಿಯಿದ್ದರೆ ಉರುಳೆಗೆ ಮೆತ್ತಿಕೊಳ್ಳುತ್ತದೆ. ಗರಿಕೆ, ಜೇಕು ಇರುವ ಹೊಲದಲ್ಲಿ ಎಚ್ಚರ ಅಗತ್ಯ: ತುಂಡಾದ ಬೇರು, ಗಡ್ಡೆಗಳು ಹೊಲದ ತುಂಬ ಹರಡಿ ಚಿಗುರುತ್ತವೆ. ಅವನ್ನು ಮೊದಲೇ ತೆಗೆಯಬೇಕು.

ಸಮ ಎಂದರೆ ಚಪ್ಪಟೆಯಲ್ಲ

ನೀರು ನಿಲ್ಲಿಸುವ ಭತ್ತದ ಗದ್ದೆ ಪೂರ್ತಿ ಮಟ್ಟವಾಗಿರಬೇಕು, ಅದಕ್ಕೆ ಲೇಸರ್ ಲೆವೆಲರ್ ಸೂಕ್ತ. ಮಳೆಯಾಶ್ರಿತ ಹೊಲಕ್ಕೆ ಹಾಗಲ್ಲ. ಹೆಚ್ಚಾದ ನೀರು ಮೆಲ್ಲಗೆ ಹರಿದು ಹೋಗಲು ಬದುವಿನ ಗುಂಟ 100 ಅಡಿಗೆ ಸುಮಾರು 3 ಅಂಗುಲ ಇಳಿಜಾರು ಸಾಕು. ಗಾರೆಯವರು ಬಳಸುವ ಪಾರದರ್ಶಕ ನೀರಿನ ಪೈಪಿನಿಂದಲೇ ಇದನ್ನು ಅಳೆಯಬಹುದು. ಕೊನೆಯ ಸಲ ರೇಕ್ ಹಾಯಿಸುವಾಗ ಇಳಿಜಾರಿಗೆ ಅಡ್ಡಲಾಗಿಯೇ ಹೋಗಬೇಕು. ಮೇಲಿನಿಂದ ಕೆಳಕ್ಕೆ ಓಡಿಸಿದರೆ ಮೊದಲ ಮಳೆಗೇ ಕೊರಕಲು ಬೀಳುತ್ತದೆ.

ಹೆಚ್ಚು ಮಣ್ಣು ಕಡಿಯಬೇಕಾದ ಕಡೆ ಮೇಲ್ಮಣ್ಣನ್ನು ಮೊದಲು ಒಂದೆಡೆ ರಾಶಿ ಹಾಕಿ, ಕೆಳಗಿನದನ್ನು ಸರಿಪಡಿಸಿದ ಮೇಲೆ ಮತ್ತೆ ಹರಡಬೇಕು. ಎಲ್ಲ ಕಲ್ಲನ್ನೂ ಆಯುವ ಅಗತ್ಯವಿಲ್ಲ. ಸಣ್ಣ ಗರಸು ಮಳೆ ಹನಿಯ ಪೆಟ್ಟು ತಡೆದು, ನೆಲದ ತೇವ ಆರದಂತೆ ಕಾಯುತ್ತದೆ. ಆಯ್ದ ಕಲ್ಲನ್ನು ಇಳಿಜಾರಿಗೆ ಅಡ್ಡಲಾಗಿ ಬದು ಕಟ್ಟಲು ಬಳಸಿದರೆ ಕೊಚ್ಚಿ ಹೋಗುವ ಮಣ್ಣು ಅಲ್ಲೇ ನಿಲ್ಲುತ್ತದೆ.

ಸುರಕ್ಷತೆ

* ಪಿಟಿಒ ಶಾಫ್ಟ್‌ಗೆ ಕವಚ ಇರಲೇಬೇಕು. ಪಂಚೆ, ಟವೆಲ್, ಸೆರಗು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.
* ಕಲ್ಲು ಸಿಡಿಯುತ್ತದೆ. ಮಕ್ಕಳು, ದನಕರುಗಳನ್ನು ದೂರ ಇಡಿ.
* ತಂತಿ, ಡ್ರಿಪ್ ಪೈಪು ಸುತ್ತಿಕೊಂಡರೆ ಎಂಜಿನ್ ಬಂದ್ ಮಾಡಿ, ಉರುಳೆ ಪೂರ್ತಿ ನಿಂತ ಮೇಲೆಯೇ ಕೈ ಹಾಕಿ.
* ಬೋರ್‌ವೆಲ್ ಕೇಬಲ್, ಪೈಪ್‌ಲೈನ್ ಹಾದ ಜಾಗಕ್ಕೆ ಮೊದಲೇ ಗುರುತು ಹಾಕಿ.
* ತಿರುವಿನಲ್ಲಿ, ಹಿಂದಕ್ಕೆ ಬರುವಾಗ ಯಂತ್ರವನ್ನು ಮೇಲೆತ್ತಿ.

ಕಾನೂನು

ಸರ್ವೆ ಕಲ್ಲನ್ನು ಸರಿಸಬಾರದು. ಪಕ್ಕದ ಹೊಲದವರ ಜೊತೆ ತಕರಾರು ಬರುವುದೇ ಇಲ್ಲಿಂದ. ಕಾಸರಗೋಡು, ವಯನಾಡಿನಲ್ಲಿ ಭತ್ತದ ಗದ್ದೆ ತುಂಬುವುದನ್ನು ಕೇರಳದ 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ನಿರ್ಬಂಧಿಸುತ್ತದೆ. ನೀಲಗಿರಿಯಲ್ಲಿ ಮಣ್ಣು ಅಗೆಯುವ ಯಂತ್ರ ಬಳಸಲು ಜಿಲ್ಲಾಡಳಿತದ ಅನುಮತಿ ಬೇಕು.

ಬಾಡಿಗೆಗೆ ಯಂತ್ರ ತರಿಸುವವರು ಮೊದಲು ಹೊಲದ ಒಂದು ಮೂಲೆಯಲ್ಲಿ ಓಡಿಸಿ ನೋಡಲಿ. ಕಲ್ಲಿನ ಸಾಲಿನಲ್ಲಿ ಕಲ್ಲಿಗಿಂತ ಮಣ್ಣೇ ಹೆಚ್ಚು ಕಂಡರೆ ಉರುಳೆ ಆಳಕ್ಕೆ ಹೋಗಿದೆ ಎಂದರ್ಥ. ಗಾಲಿ ಸರಿಪಡಿಸಿ, ವೇಗ ತಗ್ಗಿಸಿ ಮುಂದುವರಿಯುವುದು ಲೇಸು.